ಕೈಗೆ 34 ಮಿಲಿಯನ್, ಲೆಕ್ಕಕ್ಕೆ 10 ಮಿಲಿಯನ್

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಹೊಸ ಆಟಗಾರರನ್ನು ತಗೊಳ್ಳುವ ಮಾರ್ಚ್ ಎರಡನೇ ವಾರ ಬಂತೆಂದರೆ ನನಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. 'ಆ ಟೀಮ್ ಕ್ಯಾಪ್ ಮೀರಿ ಹೋಗಿತ್ತಲ್ಲ, ಮತ್ತೆ ಇಷ್ಟು ದೊಡ್ಡ ಆಟಗಾರನನ್ನ ಹೆಂಗೆ ತಗೊಂಡ್ರು?' ಕ್ಯಾಪ್ ಅಂದರೆ ಒಂದು ತಂಡ ವರ್ಷಕ್ಕೆ ಆಟಗಾರರ ಸಂಬಳದ ಲೆಕ್ಕದಲ್ಲಿ ಮೀರಬಾರದ ಮಿತಿ. ನಾನಿರುವುದು ಡಲ್ಲಾಸ್ ಪಕ್ಕದ ಫ್ರಿಸ್ಕೊದಲ್ಲಿ. ಕೌಬಾಯ್ಸ್ ತಂಡದ ಮುಖ್ಯ ಕಚೇರಿ ಇರುವ ಊರು. ಓದಿದ್ದು ಸಿಎ, ಹೊಟ್ಟೆಪಾಡು ಆಟಗಾರರ ಕಾಂಟ್ರ್ಯಾಕ್ಟ್ ಮತ್ತು ತೆರಿಗೆ ಲೆಕ್ಕ. 'ಕ್ಯಾಪ್ ಅನ್ನೋದೆಲ್ಲ ಬರೀ ಸುಳ್ಳು ಬಿಡಿ' ಎಂಬ ಮಾತನ್ನು ಇಲ್ಲಿನ ಕನ್ನಡದ ಗೆಳೆಯರಿಂದಲೂ ಕೇಳಿ ಕೇಳಿ ಸಾಕಾಗಿದೆ. ಸುಳ್ಳೇನಲ್ಲ. ದುಡ್ಡು ಕೊಡುವ ವರ್ಷ ಬೇರೆ, ಅದನ್ನು ಪುಸ್ತಕದಲ್ಲಿ ಬರೆಯುವ ವರ್ಷ ಬೇರೆ. ಗೊಂದಲವೆಲ್ಲ ಅಲ್ಲೇ.

ಐಪಿಎಲ್ ಹರಾಜು ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. 2025ರ ಹರಾಜಿಗೆ ಪ್ರತಿ ತಂಡದ ಪರ್ಸ್ 120 ಕೋಟಿ. ರಿಷಭ್ ಪಂತ್‌ಗೆ 27 ಕೋಟಿ ಕೂಗಿದರೆ ಪರ್ಸ್‌ನಿಂದ ಆಗಲೇ 27 ಕೋಟಿ ಹೋಯಿತು, ಮುಗಿಯಿತು. ಎನ್‌ಎಫ್‌ಎಲ್‌ನಲ್ಲಿ ಹಾಗೆ ಮುಗಿಯುವುದಿಲ್ಲ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1993ರಲ್ಲಿ ಆಟಗಾರರಿಗೆ ನಿಜವಾದ ಫ್ರೀ ಏಜೆನ್ಸಿ, ಅಂದರೆ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಬೇರೆ ತಂಡ ಸೇರುವ ಸ್ವಾತಂತ್ರ್ಯ, ಸಿಕ್ಕಿತು. ಕೋರ್ಟಿನಲ್ಲಿ ಹೋರಾಡಿದ ಮೊಕದ್ದಮೆಗೆ ಹೆಸರು ಕೊಟ್ಟಿದ್ದ ರೆಗ್ಗಿ ವೈಟ್, ಅದೇ ವರ್ಷ 4 ವರ್ಷಕ್ಕೆ 17 ಮಿಲಿಯನ್ ಡಾಲರ್‌ಗೆ ಗ್ರೀನ್ ಬೇ ಪ್ಯಾಕರ್ಸ್ ಸೇರಿದರು. ಅದಕ್ಕೆ ಪ್ರತಿಯಾಗಿ ಮಾಲೀಕರು ಪಡೆದದ್ದು ಸ್ಯಾಲರಿ ಕ್ಯಾಪ್. 1994ರಲ್ಲಿ ಅದು ತಂಡಕ್ಕೆ 34.6 ಮಿಲಿಯನ್. 2025ರಲ್ಲಿ 279.2 ಮಿಲಿಯನ್. ಲೀಗ್‌ನ ಆದಾಯದಲ್ಲಿ ಸುಮಾರು 48 ಶೇಕಡಾ ಆಟಗಾರರ ಪಾಲು. ಅದನ್ನು 32 ತಂಡಗಳಿಗೆ ಹಂಚಿದರೆ ಹೆಚ್ಚುಕಮ್ಮಿ ಈ ಮಿತಿ ಬರುತ್ತದೆ.

ಈಗ ಒಂದು ಕಾಂಟ್ರ್ಯಾಕ್ಟ್ ಬಿಚ್ಚಿ ನೋಡೋಣ. ಅಂಕಿಗಳು ನಾನೇ ಹಾಕಿಕೊಂಡವು, ಕಟ್ಟುವ ರೀತಿ ಮಾತ್ರ ದಿನಾ ನೋಡುವಂಥದ್ದೇ. 4 ವರ್ಷ, 80 ಮಿಲಿಯನ್. ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಇಷ್ಟೇ. ಒಳಗೆ ಸಹಿ ಹಾಕಿದ್ದಕ್ಕೆ ಮೊದಲೇ ಕೊಡುವ ಸೈನಿಂಗ್ ಬೋನಸ್ 32 ಮಿಲಿಯನ್. ಬೇಸ್ ಸಂಬಳ ಮೊದಲ ವರ್ಷ 2, ಆಮೇಲೆ 11, 15, 20. ಸೈನಿಂಗ್ ಬೋನಸನ್ನು ಕಾಂಟ್ರ್ಯಾಕ್ಟ್ ಇರುವಷ್ಟು ವರ್ಷಕ್ಕೆ, ಹೆಚ್ಚೆಂದರೆ 5 ವರ್ಷಕ್ಕೆ, ಸಮವಾಗಿ ಹಂಚಿ ಬರೆಯಬಹುದು. ಅಂದರೆ ವರ್ಷಕ್ಕೆ 8 ಮಿಲಿಯನ್. ಮೊದಲ ವರ್ಷ ಆಟಗಾರನಿಗೆ ಸಲ್ಲುವುದು 34 ಮಿಲಿಯನ್. ಕ್ಯಾಪ್ ಪುಸ್ತಕದಲ್ಲಿ ಬೀಳುವುದು 10 ಮಿಲಿಯನ್. ನಂತರದ ವರ್ಷಗಳಲ್ಲಿ 19, 23, 28. ಕೂಡಿಸಿ ನೋಡಿ, 80ಕ್ಕೆ ಸರಿಯಾಗುತ್ತದೆ. ಒಂದು ಡಾಲರ್ ಕೂಡ ಎಲ್ಲೂ ಮಾಯವಾಗಿಲ್ಲ.

ಎರಡನೇ ವರ್ಷ ತಂಡಕ್ಕೆ ಜಾಗ ಸಾಲದು ಅಂತಿಟ್ಟುಕೊಳ್ಳಿ. ಆಗ ಸುದ್ದಿ ಬರುತ್ತದೆ: 'ತಂಡಕ್ಕಾಗಿ ಸ್ಟಾರ್ ಆಟಗಾರ ಕಾಂಟ್ರ್ಯಾಕ್ಟ್ ರೀಸ್ಟ್ರಕ್ಚರ್ ಮಾಡಿಕೊಂಡ'. ಅಭಿಮಾನಿಗಳು ತ್ಯಾಗ ಅಂದುಕೊಳ್ಳುತ್ತಾರೆ. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. 11 ಮಿಲಿಯನ್ ಸಂಬಳದಲ್ಲಿ 9 ಮಿಲಿಯನ್‌ಗೆ ಬೋನಸ್ ಅಂತ ಹೆಸರಿಟ್ಟು ಮುಂಚಿತವಾಗಿಯೇ ಕೊಟ್ಟುಬಿಡುತ್ತಾರೆ. ವಾರವಾರ ಬರಬೇಕಿದ್ದ ಸಂಬಳ ಒಟ್ಟಿಗೇ ಕೈಗೆ ಬಂದರೆ ಯಾರು ತಾನೇ ಬೇಡ ಅಂತಾರೆ? ಆ 9 ಮಿಲಿಯನ್ ಉಳಿದ 3 ವರ್ಷಕ್ಕೆ ಮೂರು ಮೂರಾಗಿ ಹಂಚಿಹೋಗುತ್ತದೆ. ಈ ವರ್ಷದ ಲೆಕ್ಕ 19ರಿಂದ 13ಕ್ಕೆ ಇಳಿಯಿತು. ಮುಂದಿನದು 23ರಿಂದ 26ಕ್ಕೆ, ಅದರ ಮುಂದಿನದು 28ರಿಂದ 31ಕ್ಕೆ ಏರಿತು.

ಪೆಟ್ಟು ಬೀಳುವುದು ಆಟಗಾರನನ್ನು ಕೈಬಿಡುವ ದಿನ. ಎರಡು ವರ್ಷ ಆದ ಮೇಲೆ ಮಂಡಿ ಕೈಕೊಟ್ಟಿತು, ಅವನು ಬೇಡವಾದ. ಮುಂದಿನ ಸಂಬಳಕ್ಕೆ ಗ್ಯಾರಂಟಿ ಇಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಇನ್ನೂ ಬರೆಯದೆ ಉಳಿದ ಬೋನಸ್ ಪೂರ್ತಿ ಒಂದೇ ಸಲ ಮೈಮೇಲೆ ಬರುತ್ತದೆ. ಇದೇ ಡೆಡ್ ಮನಿ. ರೀಸ್ಟ್ರಕ್ಚರ್ ಮಾಡದಿದ್ದರೆ ಅದು 16 ಮಿಲಿಯನ್ ಆಗುತ್ತಿತ್ತು, ಕೈಬಿಟ್ಟಿದ್ದಕ್ಕೆ 7 ಮಿಲಿಯನ್ ಜಾಗ ಸಿಗುತ್ತಿತ್ತು. ಮಾಡಿದ್ದರಿಂದ 22 ಮಿಲಿಯನ್. ಸಿಗುವ ಜಾಗ ಬರೀ 4. ಜೂನ್ 1ರ ನಂತರ ಕೈಬಿಟ್ಟರೆ ಇದನ್ನು ಎರಡು ವರ್ಷಕ್ಕೆ ಒಡೆದು ಹಾಕಬಹುದು. ನೋವು ಅಷ್ಟೇ, ಕಂತು ಎರಡು.

ಇನ್ನು ವಾಯ್ಡ್ ಇಯರ್. ಕಾಗದದ ಮೇಲೆ ಮಾತ್ರ ಇರುವ, ಯಾರೂ ಆಡದ ವರ್ಷ. ನಮ್ಮ ಉದಾಹರಣೆಗೆ ಇಂಥದ್ದೊಂದು ಐದನೇ ವರ್ಷ ಸೇರಿಸಿದರೆ ಬೋನಸ್ ವರ್ಷಕ್ಕೆ 6.4 ಮಿಲಿಯನ್ ಆಗುತ್ತದೆ. ಐದನೇ ವರ್ಷ ಆಟಗಾರ ಬೇರೆ ಊರಲ್ಲಿ ಬೇರೆ ಜೆರ್ಸಿ ಹಾಕಿಕೊಂಡಿದ್ದರೂ 6.4 ಮಿಲಿಯನ್ ಇಲ್ಲೇ ಬೀಳುತ್ತದೆ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಟಾಮ್ ಬ್ರೇಡಿ ನಿವೃತ್ತರಾದ 2023ರಲ್ಲಿ ಟ್ಯಾಂಪಾ ಬೇ ಪುಸ್ತಕದಲ್ಲಿ ಅವರ ಹೆಸರಲ್ಲಿ ಬಿದ್ದದ್ದು 35 ಮಿಲಿಯನ್. ಅದಕ್ಕೆ ಬದಲಾಗಿ ಆ ತಂಡಕ್ಕೆ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವೊಂದು ಸಿಕ್ಕಿತ್ತು. ಆ ಊರಲ್ಲಿ ಯಾರೂ ಗೊಣಗಲಿಲ್ಲ ಅನ್ನಿಸುತ್ತದೆ.

ಡೆನ್ವರ್‌ನದು ಬೇರೆ ಕಥೆ. 2022ರಲ್ಲಿ ಬ್ರಾಂಕೋಸ್ ತಂಡ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ರನ್ನು ಸಿಯಾಟಲ್‌ನಿಂದ ತಂದಿತು. ಅವರು ಡೆನ್ವರ್‌ಗಾಗಿ ಒಂದೇ ಒಂದು ಪಂದ್ಯ ಆಡುವ ಮೊದಲೇ 5 ವರ್ಷದ, 240 ಮಿಲಿಯನ್ ದಾಟುವ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿತು. ಹಳೇ ಕಾಂಟ್ರ್ಯಾಕ್ಟ್‌ನಲ್ಲಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಆ ಅವಸರ ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. 2023ರ ಕೊನೆಯ 2 ಪಂದ್ಯಗಳಿಗೆ ಅವರನ್ನು ಬೆಂಚ್ ಮೇಲೆ ಕೂರಿಸಿದರು. ಆಟದ ಕಾರಣ ಏನೇ ಇರಲಿ, ಕಾಂಟ್ರ್ಯಾಕ್ಟ್ ಓದಿದವರಿಗೆ ಇನ್ನೊಂದು ಕಾರಣ ಕಾಣುತ್ತಿತ್ತು. ಪೆಟ್ಟು ಮಾಡಿಕೊಂಡು ಮಾರ್ಚ್‌ನಲ್ಲಿ ವೈದ್ಯಕೀಯ ಪರೀಕ್ಷೆ ಪಾಸಾಗದೆ ಹೋದರೆ 2025ರ 37 ಮಿಲಿಯನ್‌ಗೂ ಗ್ಯಾರಂಟಿ ಬೀಳುತ್ತಿತ್ತು. 2024ರ ಮಾರ್ಚ್‌ನಲ್ಲಿ ಕೈಬಿಟ್ಟಾಗ ಡೆಡ್ ಮನಿ 85 ಮಿಲಿಯನ್, ಆವರೆಗಿನ ದಾಖಲೆ. 2024ಕ್ಕೆ 53, 2025ಕ್ಕೆ 32. ಪಿಟ್ಸ್‌ಬರ್ಗ್ ಅವರನ್ನು ಕನಿಷ್ಠ ಸಂಬಳ 1.21 ಮಿಲಿಯನ್‌ಗೆ ತಗೊಂಡಿತು. ಆ ವರ್ಷಕ್ಕೆ ಗ್ಯಾರಂಟಿಯಿದ್ದ 39 ಮಿಲಿಯನ್‌ನಲ್ಲಿ ಉಳಿದದ್ದನ್ನೆಲ್ಲ ಡೆನ್ವರ್ ಕೊಟ್ಟಿತು.

ಅಷ್ಟಾದರೂ ಅದೇ 2024ರಲ್ಲಿ ಡೆನ್ವರ್ 10 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಕಾರಣ ಸರಳ. ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಹೊಸ ಹುಡುಗ, 4 ವರ್ಷಕ್ಕೆಲ್ಲ ಸೇರಿ 19 ಮಿಲಿಯನ್ ಒಳಗೆ. 2011ರಿಂದ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಾದ ಪಟ್ಟಿ ಇದೆ. ಇಡೀ ಕ್ಯಾಪ್ ವ್ಯವಸ್ಥೆಯಲ್ಲಿ ಇದಕ್ಕಿಂತ ಅಗ್ಗದ ಸರಕು ಇನ್ನೊಂದಿಲ್ಲ. ಹಳೇ ಸಾಲ ಒಟ್ಟಿಗೆ ತೀರಿಸಬೇಕೆಂದರೆ ತೀರಿಸಬೇಕಾದ್ದು ಇಂಥ ಹೊತ್ತಿನಲ್ಲೇ.

ನ್ಯೂ ಆರ್ಲಿಯನ್ಸ್ ಸೇಂಟ್ಸ್ ಆ ಹೊತ್ತಿಗಾಗಿ ಕಾಯಲೇ ಇಲ್ಲ. ಕೋವಿಡ್‌ನಿಂದ 2021ರ ಕ್ಯಾಪ್ 198.2ರಿಂದ 182.5 ಮಿಲಿಯನ್‌ಗೆ ಇಳಿದಾಗ ಅವರು ಮಿತಿಗಿಂತ ಸುಮಾರು 100 ಮಿಲಿಯನ್ ಮೇಲಿದ್ದರು. ರೀಸ್ಟ್ರಕ್ಚರ್ ಮೇಲೆ ರೀಸ್ಟ್ರಕ್ಚರ್ ಮಾಡಿ ಮಿತಿಯೊಳಗೆ ಬಂದರು. ನಿಯಮದ ಪ್ರಕಾರ ಚಮತ್ಕಾರವೇ. ಆದರೆ ಅವರ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಆಗ ನಿವೃತ್ತರಾಗಿದ್ದರು. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ, ವಯಸ್ಸಾಗುತ್ತಿದ್ದ ತಂಡವನ್ನು ಹಾಗೇ ಹಿಡಿದಿಡಲು ಭವಿಷ್ಯದ ದುಡ್ಡು ತಂದಂತಾಯಿತು. 2021ರಿಂದ 2024ರವರೆಗೆ ಒಂದು ಸಲವೂ ಪ್ಲೇಆಫ್ ಇಲ್ಲ. ನನ್ನ ತಕರಾರು ಸಾಲದ ಮೇಲಲ್ಲ, ಅದನ್ನು ಯಾರ ಮೇಲೆ ಸುರಿದರು ಅನ್ನುವುದರ ಮೇಲೆ.

ಯಾಕೆಂದರೆ ಸಾಲ ಮಾಡುವುದು ದಡ್ಡತನವೇನಲ್ಲ. 10 ಮಿಲಿಯನ್ ಅಂದರೆ 2021ರ ಕ್ಯಾಪ್‌ನಲ್ಲಿ 5.5 ಶೇಕಡಾ. ಅದೇ 10 ಮಿಲಿಯನ್ 2025ರಲ್ಲಿ 3.6 ಶೇಕಡಾ. ಬಡ್ಡಿ ಇಲ್ಲದ ಸಾಲ, ಜೊತೆಗೆ ತೀರಿಸುವ ಹೊತ್ತಿಗೆ ಆದಾಯವೂ ಜಾಸ್ತಿ. 2023ರಿಂದ ನಡೆಯುತ್ತಿರುವ ಟಿವಿ ಒಪ್ಪಂದಗಳ ಬೆಲೆಯೇ ಸುಮಾರು 110 ಬಿಲಿಯನ್ ಡಾಲರ್. ಹೀಗಿರುವಾಗ ಒಂದು ಪೈಸೆಯೂ ಮುಂದಕ್ಕೆ ತಳ್ಳದ ತಂಡ ಜಿಪುಣ, ಅಲ್ವಾ?

ಇನ್ನೊಂದು ದಾರಿ ಬಾಲ್ಟಿಮೋರ್ ರೇವನ್ಸ್‌ನದು. ಕಾಂಟ್ರ್ಯಾಕ್ಟ್ ಮುಗಿದ ನಿಮ್ಮ ಆಟಗಾರರು ಬೇರೆಡೆ ಹೋಗಿ, ನೀವು ಹೊರಗಿನಿಂದ ಕಮ್ಮಿ ತಗೊಂಡರೆ ಮುಂದಿನ ವರ್ಷದ, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 3ರಿಂದ 7ನೇ ಸುತ್ತಿನ ನಡುವೆ ಪರಿಹಾರವಾಗಿ ಆಯ್ಕೆಗಳು ಸಿಗುತ್ತವೆ. ತಂಡವೇ ಕೈಬಿಟ್ಟ ಆಟಗಾರ ಈ ಲೆಕ್ಕಕ್ಕೆ ಬರುವುದಿಲ್ಲ. ಏಪ್ರಿಲ್ ಕೊನೆಯ ಡ್ರಾಫ್ಟ್ ಮುಗಿದ ಮೇಲೆ ಸಹಿ ಹಾಕಿದವರೂ ಬರುವುದಿಲ್ಲ. ಮೇ ತಿಂಗಳಲ್ಲಿ ಸದ್ದಿಲ್ಲದೆ ಹಳೇ ಹುಲಿಗಳು ಅಗ್ಗಕ್ಕೆ ಸಿಗುವುದು ಇದೇ ಕಾರಣಕ್ಕೆ. ಮಾರ್ಚ್‌ನ ಗದ್ದಲಕ್ಕಿಂತ ನನಗೆ ಈ ಮೇ ತಿಂಗಳ ವ್ಯಾಪಾರವೇ ಇಷ್ಟ.

ಸದ್ಯಕ್ಕೆ ಈ ಆಟ ಚೆನ್ನಾಗಿ ಆಡುತ್ತಿರುವವರು ಫಿಲಡೆಲ್ಫಿಯಾ ಈಗಲ್ಸ್‌ನ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್. 2024ರಲ್ಲಿ ಚೆಂಡು ಹಿಡಿದು ಓಡುವ ಸೇಕ್ವಾನ್ ಬಾರ್ಕ್ಲಿಗೆ 3 ವರ್ಷಕ್ಕೆ 37.75 ಮಿಲಿಯನ್, ಅದರಲ್ಲಿ 26 ಗ್ಯಾರಂಟಿ. ವಾಯ್ಡ್ ಇಯರ್ ದಯೆಯಿಂದ ಮೊದಲ ವರ್ಷದ ಕ್ಯಾಪ್ ಲೆಕ್ಕ 4 ಮಿಲಿಯನ್ ಕೂಡ ಮುಟ್ಟಲಿಲ್ಲ. ಆತ 2,005 ಗಜ ಓಡಿದ. ಅದೇ ಮಾರ್ಚ್‌ನಲ್ಲಿ ಹೆಚ್ಚು ಜನ ಗಮನಿಸದ ಝ್ಯಾಕ್ ಬಾನ್‌ಗೆ ಒಂದು ವರ್ಷಕ್ಕೆ 3.5 ಮಿಲಿಯನ್ ಕೊಟ್ಟರು. ಆತ ಆಲ್-ಪ್ರೊ, ಅಂದರೆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ, ಸೇರಿದ. ತಂಡ ಸೂಪರ್ ಬೌಲ್ ಗೆದ್ದಿತು. ಈಗಲ್ಸ್‌ಗೆ ಸಾಲವೇನು ಕಮ್ಮಿ ಇಲ್ಲ. 2024ರ ಮಾರ್ಚ್‌ನಲ್ಲಿ ನಿವೃತ್ತರಾದ ಸೆಂಟರ್ ಜೇಸನ್ ಕೆಲ್ಸಿಯ ಹೆಸರಲ್ಲಿ 2025ರಲ್ಲೂ ಲೆಕ್ಕ ಬೀಳುತ್ತಲೇ ಇತ್ತು.