ನಾಯಿ ಸೇಡಿಗೆ ಉಚ್ಚೆ ಹೊಯ್ಯುವುದಿಲ್ಲ

"ಡಾಕ್ಟ್ರೇ, ಬೇಕಂತಲೇ ಮಾಡ್ತಾನೆ. ನಾವು ಬಿಟ್ಟು ಹೋದ್ವಿ ಅಂತ ಸೇಡು ತೀರಿಸ್ಕೊಳ್ತಾನೆ."

ವರ್ಷಗಟ್ಟಲೆ ಚೊಕ್ಕವಾಗಿದ್ದ ಗಂಡು ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಹೊಯ್ಯತೊಡಗಿದರೆ ನನಗೆ ಕೇಳಿಬರುವ ಮಾತು ಇದು. ಅಷ್ಟರಲ್ಲಿ ನಾಯಿಗೆ ಏಟು ಬಿದ್ದಾಗಿರುತ್ತದೆ. ಮೂತಿ ಹಿಡಿದು ಒದ್ದೆ ನೆಲಕ್ಕೆ ಉಜ್ಜಿಯೂ ಆಗಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

"ತಪ್ಪು ಮಾಡಿದ್ದು ಗೊತ್ತಿರೋದಕ್ಕೇ ಅಲ್ವಾ ಕಿವಿ ಇಳಿಸಿ ಮೂಲೆ ಸೇರೋದು?" ಎಂದು ವಾದಿಸುತ್ತಾರೆ. ಅಲ್ಲ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಮುಟ್ಟಬೇಡ ಎಂದ ತಿನಿಸನ್ನು ತಿಂದ ನಾಯಿಯೂ, ತಿನ್ನದ ನಾಯಿಯೂ, ಮನೆಯವರು ಗದರಿದಾಗ ಅದೇ ಮುಖ ಮಾಡಿದವು. ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಅದು ಜಾಸ್ತಿ ಕಂಡಿತು. ಅದು ನಿಮ್ಮ ದನಿಗೆ ಹುಟ್ಟಿದ ಭಯ. ಬೆಳಿಗ್ಗೆ ಹೊಯ್ದದ್ದಕ್ಕೆ ಸಂಜೆ ಹೊಡೆದರೆ, ನೀವು ಬಾಗಿಲು ತೆಗೆದಾಗ ಏಟು ಬೀಳುತ್ತದೆ ಅನ್ನೋದಷ್ಟೇ ನಾಯಿ ಕಲಿಯುತ್ತದೆ. ಕೆಲವು ಆ ಭಯಕ್ಕೇ ನಿಂತಲ್ಲೇ ಹೊಯ್ದುಬಿಡುತ್ತವೆ. ಆಗ ಮತ್ತೆ ಏಟು.

ನಾಯಿಯ ಮುಖ ಬಿಟ್ಟು ನೆಲ ನೋಡಿ. ಕಾಲೆತ್ತಿ ಬಾಗಿಲ ಚೌಕಟ್ಟಿಗೋ ಹೊಸ ಬ್ಯಾಗಿಗೋ ಸ್ವಲ್ಪ ಸ್ವಲ್ಪ ಚಿಮ್ಮಿಸಿದ್ದರೆ ಅದು ಬಹುಶಃ ತನ್ನ ವಾಸನೆಯ ಗುರುತು ಹಾಕುವುದು. ಮನೆಗೆ ಇನ್ನೊಂದು ನಾಯಿ ಬಂದಿರಬಹುದು, ಪಕ್ಕದ ಬೀದಿಯ ಹೆಣ್ಣು ನಾಯಿ ಬೆದೆಗೆ ಬಂದಿರಬಹುದು. ಸಂತಾನಹರಣದ ಆಪರೇಷನ್ ಮಾಡಿಸಿದರೆ ಎಷ್ಟೋ ನಾಯಿಗಳಲ್ಲಿ ಇದು ಕಡಿಮೆಯಾಗುತ್ತದೆ, ಎಲ್ಲದರಲ್ಲೂ ನಿಂತೇ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಫಿನಾಯಿಲ್ ಹಾಕಿ ಒರೆಸಿದರೆ ನಿಮ್ಮ ಮೂಗಿಗೆ ವಾಸನೆ ಹೋಗಿರುತ್ತದೆ, ಅದರ ಮೂಗಿಗಲ್ಲ. ಉಚ್ಚೆಯ ವಾಸನೆ ತೆಗೆಯಲೆಂದೇ ಇರುವ ಎನ್‌ಜೈಮ್ ದ್ರಾವಣ ತನ್ನಿ.

ನೆಲದ ಮೇಲೆ ದೊಡ್ಡ ಮಡುವೇ ಇದ್ದರೆ ಲೆಕ್ಕ ಬೇರೆ. ಎಂಟು ವರ್ಷದ ಒಂದು ಲ್ಯಾಬ್ರಡಾರನ್ನು ಹೀಗೇ ಕರೆತಂದಿದ್ದರು. ಮಗ ಓದಲು ಪರದೇಶಕ್ಕೆ ಹೋದಮೇಲೆ ಹಟಕ್ಕೆ ಬಿದ್ದಿದ್ದಾನೆ ಎಂದರು ಆ ತಾಯಿ. ನೀರು ಜಾಸ್ತಿ ಕುಡೀತಾನಾ ಎಂದು ಕೇಳಿದೆ. "ಬಕೆಟ್ಟಿಗೇ ಬಾಯಿ ಹಾಕ್ತಾನೆ, ಬಿಸಿಲಲ್ವಾ" ಎಂದರು. ಉಚ್ಚೆಯಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿಯ ಮೇಲೆ ಸಕ್ಕರೆ ತೋರಿಸುವ ತಿಳಿನೀಲಿ ಚೌಕ ಅರ್ಧ ನಿಮಿಷದಲ್ಲಿ ಹಸಿರಾಗಿ, ಕಂದು ಬಣ್ಣಕ್ಕೆ ತಿರುಗಿತು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು: ಸಕ್ಕರೆ ಕಾಯಿಲೆ. ಆ ತಾಯಿ ಅಲ್ಲೇ ನೆಲದ ಮೇಲೆ ಕೂತು ನಾಯಿಯ ಕತ್ತು ತಬ್ಬಿಕೊಂಡರು. ಈಗ ದಿನಕ್ಕೆರಡು ಸಲ ಇನ್ಸುಲಿನ್ ಅವರೇ ಚುಚ್ಚುತ್ತಾರೆ. ಮನೆ ಒಣಗಿದೆ.

ಕಿಡ್ನಿ ತೊಂದರೆ, ಮೂತ್ರಕೋಶದ ಕಲ್ಲು, ಆಪರೇಷನ್ ಆಗದ ನಾಯಿಗೆ ವಯಸ್ಸಾದಂತೆ ಊದಿಕೊಳ್ಳುವ ಪ್ರಾಸ್ಟೇಟ್ ಗ್ರಂಥಿ, ಎಲ್ಲವೂ ಹೀಗೇ ಶುರುವಾಗಬಹುದು. ತುರಿಕೆಗೆ ಕೊಟ್ಟ ಸ್ಟೀರಾಯ್ಡ್ ಮಾತ್ರೆಯಿಂದಲೂ ನೀರಡಿಕೆ, ಉಚ್ಚೆ ಎರಡೂ ಹೆಚ್ಚುತ್ತವೆ. ಆದರೆ ಆ ಮಾತ್ರೆಯನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ನೀರಿನ ಬಟ್ಟಲನ್ನೂ ಎತ್ತಿಡಬೇಡಿ. ದಿನಕ್ಕೆ ಎಷ್ಟು ಕುಡಿಯುತ್ತಾನೆ ಅಳೆಯಿರಿ. ತೂಕದ ಒಂದೊಂದು ಕಿಲೋಗೆ 100 ಮಿಲಿ ದಾಟಿದರೆ ನಮಗೆ ತಿಳಿಸಿ.

ಬರುವಾಗ ಬೆಳಗಿನ ಮೊದಲ ಉಚ್ಚೆ ತನ್ನಿ. ಗಂಡು ನಾಯಿ ಕಾಲೆತ್ತಿದಾಗ ಉದ್ದ ಹಿಡಿಯ ಹಳೇ ಸೌಟು ಒಡ್ಡಿದರೆ ಸುಲಭವಾಗಿ ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ, ಇಲಿಜ್ವರ ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಅಂಟುತ್ತದೆ. ತೊಳೆದು ಒಣಗಿಸಿದ ಡಬ್ಬಿಯಲ್ಲಿ ಹಾಕಿ, ಒಂದೆರಡು ಗಂಟೆಯೊಳಗೆ ತಲುಪಿಸಿ.

ಒಂದು ಲಕ್ಷಣ ಕಂಡರೆ ಮಾತ್ರ ಬೆಳಗಿನವರೆಗೆ ಕಾಯಬೇಡಿ. ನಾಯಿ ಪದೇ ಪದೇ ಕಾಲೆತ್ತಿ ತಿಣುಕುತ್ತಿದೆ, ಬರುವುದು ಹನಿ ಮಾತ್ರ ಅಥವಾ ಅದೂ ಇಲ್ಲ ಅಂದರೆ ಕಲ್ಲು ದಾರಿಗೆ ಅಡ್ಡ ಕೂತಿರಬಹುದು. ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಕೂರಬೇಡಿ. ಮಧ್ಯರಾತ್ರಿಯಾದರೂ ಸರಿ, ಹತ್ತಿರದ ಪಶುವೈದ್ಯರನ್ನು ಎಬ್ಬಿಸಿ.