ಶೋಕೇಸಿನಲ್ಲಿಟ್ಟ ಶಾಂಪೇನ್

"ಹದಿನೈದು ವರ್ಷ ಜ್ವಾಪಾನ ಮಾಡೀನ್ರಿ ಸರ್, ನೀವೇ ಬಂದು ಓಪನ್ ಮಾಡ್ಬೇಕು" ಅಂತ ಬಳ್ಳಾರಿಯಲ್ಲಿ ಒಬ್ಬರು ಕರೆದರು. ಮದುವೆ ವಾರ್ಷಿಕೋತ್ಸವ. ಹೋಟೆಲ್‌ಗಳಲ್ಲಿ ವೈನ್ ಬಡಿಸುವುದೇ ನನ್ನ ಕೆಲಸ, ಹೋದೆ. ಬಾಟಲಿ ಇದ್ದದ್ದು ಹಾಲ್‌ನ ಗಾಜಿನ ಶೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ. 2002ರ ವಿಂಟೇಜ್ ಶಾಂಪೇನ್! ದ್ರಾಕ್ಷಿಗೆ ಒಳ್ಳೆಯ ವರ್ಷ ಅದು. ಕಾರ್ಕ್ ತೆಗೆದರೆ ಸದ್ದೇ ಇಲ್ಲ. ಚಹಾದ ಬಣ್ಣ, ಹೆಚ್ಚಿಟ್ಟು ಮರೆತ ಸೇಬಿನ ವಾಸನೆ.

ವಿಂಟೇಜ್ ಅಂದರೆ ಹಳೇದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ದ್ರಾಕ್ಷಿ ಪೂರ್ತಿ ಒಂದೇ ವರ್ಷದ ಸುಗ್ಗಿಯದು ಅಂತ ಅರ್ಥ. ಮಾಮೂಲಿ ಶಾಂಪೇನ್‌ಗೆ ಬೇರೆ ಬೇರೆ ವರ್ಷದ ವೈನ್ ಬೆರೆಸುತ್ತಾರೆ. ಅದು ಮಾರಾಟಕ್ಕೆ ಬರುವ ಮುಂಚೆ ಕನಿಷ್ಠ 15 ತಿಂಗಳು ಮಾಗಬೇಕು, ವಿಂಟೇಜ್ 3 ವರ್ಷ. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರುತ್ತದೆ, ಗುಳ್ಳೆ ಹುಟ್ಟುವುದು ಆಗ. ಕೆಲಸ ಮುಗಿಸಿದ ಯೀಸ್ಟ್ ಸತ್ತು ತಳ ಸೇರುತ್ತದೆ. ಆ ಗಸಿಯ ಜೊತೆ ಇದ್ದಷ್ಟೂ ವೈನಿಗೆ ಬೆಳಗಿನ ಬೇಕರಿಯ ಪರಿಮಳ, ಹುರಿದ ಬಾದಾಮಿಯ ರುಚಿ. ದುಡ್ಡು ಕೊಡುವುದು ಇದಕ್ಕೆ, ಗುಳ್ಳೆಗಲ್ಲ. ಗುಳ್ಳೆ ಗೋಲಿ ಸೋಡಾದಲ್ಲೂ ಸಿಗುತ್ತೆ, ಅಲ್ವಾ?

ಇದೆಲ್ಲ ನಡೆಯುವುದು 10–12 ಡಿಗ್ರಿಯ ಕತ್ತಲ ನೆಲಮಾಳಿಗೆಯಲ್ಲಿ. ನಮ್ಮಲ್ಲಿ ಏಪ್ರಿಲ್ ಬಂದರೆ ಬಿಸಿಲು 40 ದಾಟುತ್ತದೆ. ಅಂಥ ಬೇಸಿಗೆಯನ್ನು ಒಂದಲ್ಲ, ಹದಿನೈದು ಸಲ ಆ ಬಾಟಲಿ ಕಂಡಿತ್ತು. ಬೆಳಕೂ ವೈನ್ ಕೆಡಿಸುತ್ತದೆ. ವೈನ್ ಫ್ರಿಜ್ ಇಲ್ಲದವರು ಕೂಡಿಡುವ ಆಸೆ ಬಿಡಿ. ತಂದ ಕೆಲವೇ ವಾರದಲ್ಲಿ ಕುಡಿದುಬಿಡಿ.

ತೆಗೆಯುವಾಗ ಕಪ್ ಗೆದ್ದವರ ಹಾಗೆ ಕುಲುಕುವುದು ಬೇಡ. ಒಳಗೆ ಕಾರಿನ ಟೈರಿಗಿಂತ ಸುಮಾರು ಮೂರು ಪಟ್ಟು ಒತ್ತಡ ಇರುತ್ತದೆ. ಕಾರ್ಕ್ ಸುತ್ತ ಬಿಗಿದ ತಂತಿ ಸಡಿಲಿಸಿದ ಮೇಲೂ ಹೆಬ್ಬೆರಳು ಕಾರ್ಕ್ ಮೇಲೇ ಇರಲಿ. ಬಾಟಲಿ ವಾಲಿಸಿ, ಕಾರ್ಕ್ ಬಿಗಿಯಾಗಿ ಹಿಡಿದು ಬಾಟಲಿಯನ್ನೇ ನಿಧಾನ ತಿರುಗಿಸಿ. 'ಉಸ್' ಅಂದರೆ ಸಾಕು.

ಐಸಿನಲ್ಲಿ ಗಂಟೆಗಟ್ಟಲೆ ಹೂತಿಟ್ಟರೆ ಪರಿಮಳ ಮುಚ್ಚಿಹೋಗುತ್ತದೆ. ಮಾಗಿದ ಶಾಂಪೇನ್‌ಗೆ 10–12 ಡಿಗ್ರಿ ಹಿತ. ಉದ್ದನೆಯ ಸಪೂರ ಗ್ಲಾಸಿಗಿಂತ ನಡು ಅಗಲದ ವೈಟ್ ವೈನ್ ಗ್ಲಾಸ್ ನನಗಿಷ್ಟ, ಮೂಗಿಗೂ ಜಾಗ ಬೇಕಲ್ಲ.

ಇನ್ನು ಮಿರ್ಚಿ. ಬಳ್ಳಾರಿಯಲ್ಲಿ ಅದನ್ನು ಬಿಟ್ಟು ಸಂಜೆ ಉಂಟೇ? ಆದರೆ ಗುಳ್ಳೆ, ಖಾರ ಸೇರಿದರೆ ನಾಲಿಗೆ ಜಾಸ್ತಿ ಉರಿಯುತ್ತದೆ. ಖಾರ ಕಮ್ಮಿ ಇರುವ ಉಳ್ಳಾಗಡ್ಡಿ ಬಜಿ ಚೆನ್ನಾಗಿ ಹೊಂದುತ್ತದೆ, ಎಣ್ಣೆಯ ಜಿಡ್ಡನ್ನು ಶಾಂಪೇನಿನ ಹುಳಿ ತೊಳೆದುಬಿಡುತ್ತದೆ. ಆವತ್ತು ಆ ಮನೆಯಲ್ಲೂ ಬಿಸಿ ಬಿಸಿ ಬಜಿ ಮಾಡಿಸಿದ್ದರು. ತಿಂದೆವು, ಚಹಾದ ಜೊತೆ.