ಕ್ರಿಸ್ಟಲ್ ಪ್ಯಾಲೇಸ್: ತೋಟಗಾರನೊಬ್ಬ ಕಟ್ಟಿಸಿದ ಗಾಜಿನ ಅರಮನೆ

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಎಲ್ಲ ದೇಶಗಳ ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿ ಕಬ್ಬಿಣ, ಗಾಜು, ಮರ ಬಳಸಿ ಎಬ್ಬಿಸಿದ ಕಟ್ಟಡವೇ ಕ್ರಿಸ್ಟಲ್ ಪ್ಯಾಲೇಸ್. ಅಲ್ಲಿ ಯಾವ ರಾಜನೂ ವಾಸ ಮಾಡಲಿಲ್ಲ. ‘ಪಂಚ್’ ಎಂಬ ವಾರಪತ್ರಿಕೆ ಬಳಸಿದ ಹೆಸರು ಜನರ ಬಾಯಲ್ಲಿ ಉಳಿದುಕೊಂಡಿತು.

ಪ್ರದರ್ಶನಕ್ಕೆ ಒಂದು ವರ್ಷವೂ ಇರಲಿಲ್ಲ, ಆದರೂ ಕಟ್ಟಡದ ನಕ್ಷೆಯೇ ಗೊತ್ತಾಗಿರಲಿಲ್ಲ. ಸ್ಪರ್ಧೆಗೆ ಬಂದ ಇನ್ನೂರಕ್ಕೂ ಹೆಚ್ಚು ನಕ್ಷೆಗಳಲ್ಲಿ ಒಂದೂ ಸಮಿತಿಗೆ ಹಿಡಿಸಲಿಲ್ಲ. ಸಮಿತಿಯೇ ಮಾಡಿಸಿದ ಇಟ್ಟಿಗೆ ಕಟ್ಟಡದ ನಕ್ಷೆಯನ್ನು ಜನ ಒಪ್ಪಲಿಲ್ಲ. ಆಗ ಮುಂದೆ ಬಂದವರು ಜೋಸೆಫ್ ಪ್ಯಾಕ್ಸ್‌ಟನ್. ಅವರು ವಾಸ್ತುಶಿಲ್ಪ ಕಲಿತವರಲ್ಲ, ಚಾಟ್ಸ್‌ವರ್ತ್ ಎಂಬಲ್ಲಿ ಡ್ಯೂಕ್ ಒಬ್ಬರ ತೋಟ ನೋಡಿಕೊಳ್ಳುತ್ತಿದ್ದವರು. ದಕ್ಷಿಣ ಅಮೆರಿಕದ ದೈತ್ಯ ನೈದಿಲೆ ಬೆಳೆಸಲು ಅಲ್ಲಿ ಗಾಜಿನ ಮನೆ ಕಟ್ಟಿಸಿದ್ದರು. ಆ ಗಿಡದ ಎಲೆ ಎಷ್ಟು ಗಟ್ಟಿಯೆಂದರೆ, ತಮ್ಮ ಪುಟ್ಟ ಮಗಳನ್ನೇ ಅದರ ಮೇಲೆ ನಿಲ್ಲಿಸಿದ್ದರು. ಎಲೆಯ ಅಡಿಯ ನರಗಳು ಭಾರ ಹಂಚಿಕೊಳ್ಳುವ ಬಗೆ ಅವರ ಮನಸ್ಸಿನಲ್ಲಿ ಕೂತಿತ್ತು. ರೈಲ್ವೆ ಸಭೆಯೊಂದರಲ್ಲಿ ಕೂತಿದ್ದಾಗ ಶಾಯಿ ಹೀರುವ ಕಾಗದದ ಮೇಲೆ ಹೊಸ ಕಟ್ಟಡದ ಮೊದಲ ಚಿತ್ರ ಗೀಚಿದರು.

ಇದರ ನಿಜವಾದ ಜಾಣತನ ಇರುವುದು ಅಳತೆಯಲ್ಲಿ. ಚಾವಣಿಯ ಗಾಜು 49 ಇಂಚು ಉದ್ದ, 10 ಇಂಚು ಅಗಲ. ಕಂಬ, ತೊಲೆಗಳ ಅಂತರವನ್ನೂ ಈ ಗಾಜಿಗೆ ಹೊಂದಿಸಿದರು. ಒಂದೇ ಅಚ್ಚಿನ ಭಾಗಗಳು ಬೇರೆ ಬೇರೆ ಕಡೆ ತಯಾರಾಗಿ ಬಂದವು, ಪಾರ್ಕ್‌ನಲ್ಲಿ ಜೋಡಿಸುವ ಕೆಲಸವಷ್ಟೇ ಉಳಿಯಿತು. ಹೆಚ್ಚುಕಡಿಮೆ 3 ಲಕ್ಷ ಗಾಜು, 1,848 ಅಡಿ ಉದ್ದದ ಕಟ್ಟಡ! ಚಾವಣಿಯ ನೀರು ಟೊಳ್ಳು ಕಬ್ಬಿಣದ ಕಂಬಗಳೊಳಗಿಂದಲೇ ಇಳಿಯುತ್ತಿತ್ತು. ಪಾರ್ಕ್‌ನ ದೊಡ್ಡ ಎಲ್ಮ್ ಮರಗಳನ್ನು ಕಡಿಯದೆ, ಅವುಗಳ ಮೇಲೆ ಕಮಾನು ಎತ್ತಿದರು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಬೆಂಗಳೂರಿನವರಿಗೆ ಈ ಮಾದರಿ ಹೊಸದೇನಲ್ಲ. ಲಾಲ್‌ಬಾಗ್‌ನ ಗಾಜಿನ ಮನೆಗೆ ಸ್ಫೂರ್ತಿ ಇದೇ ಕ್ರಿಸ್ಟಲ್ ಪ್ಯಾಲೇಸ್. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಹಾಕಿದವರು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ನಮ್ಮ ಫಲಪುಷ್ಪ ಪ್ರದರ್ಶನಗಳು ನಡೆಯುವುದು ಅಲ್ಲೇ ಅಲ್ವಾ?

ಲಂಡನ್ನಿನ ಪ್ರದರ್ಶನ ಐದೂವರೆ ತಿಂಗಳು ನಡೆಯಿತು. ಒಟ್ಟು 60 ಲಕ್ಷಕ್ಕೂ ಜಾಸ್ತಿ ಭೇಟಿಗಳಾದವು. ಟಿಕೆಟ್ ದರವನ್ನು ಒಂದು ಶಿಲ್ಲಿಂಗ್‌ಗೆ ಇಳಿಸಿದ ದಿನಗಳಲ್ಲಿ ಕೂಲಿ ಮಾಡುವವರೂ ಬಂದರು. ಭಾರತದ ವಿಭಾಗಕ್ಕೆ ತುಂಬ ಜನ ಸೇರುತ್ತಿದ್ದರು. ಎರಡೇ ವರ್ಷದ ಹಿಂದೆ ಪಂಜಾಬಿನ ಬಾಲಕ ಮಹಾರಾಜ ದುಲೀಪ್ ಸಿಂಗ್‌ನಿಂದ ಬ್ರಿಟಿಷರು ಕಿತ್ತುಕೊಂಡ ಕೊಹಿನೂರ್ ವಜ್ರವನ್ನೂ ಪ್ರದರ್ಶನದಲ್ಲಿ ಇಟ್ಟಿದ್ದರು. ಈ ಕಟ್ಟಡವನ್ನು ಹೊಗಳುವಾಗ ಅದನ್ನು ಮರೆಯಬಾರದು. ಬಂದ ಲಾಭ ಸುಮಾರು 1,86,000 ಪೌಂಡ್. ಸೌತ್ ಕೆನ್ಸಿಂಗ್ಟನ್‌ನಲ್ಲಿ ಇವತ್ತಿರುವ ಮ್ಯೂಸಿಯಂಗಳ ಜಾಗ ಕೊಂಡಿದ್ದು ಈ ದುಡ್ಡಿನಲ್ಲಿ.

ಆಮೇಲೆ ಕಟ್ಟಡವನ್ನು ಬಿಚ್ಚಿ ಲಂಡನ್ನಿನ ದಕ್ಷಿಣದ ಸಿಡನ್‌ಹ್ಯಾಮ್‌ಗೆ ಸಾಗಿಸಿದರು. ಅಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆದರು. 1936ರ ನವೆಂಬರ್ 30ರ ರಾತ್ರಿ ಅದು ಸುಟ್ಟುಹೋಯಿತು. ಗಾಜು, ಕಬ್ಬಿಣಕ್ಕೆ ಬೆಂಕಿ ಹತ್ತುವುದು ಹೇಗೆ ಅನ್ನಿಸಬಹುದು. ಆದರೆ ನೆಲದ ಹಲಗೆಗಳು ಮರದವು, ಅದೂ ಒಣಗಿದ ಹಳೇ ಮರ.

ಇವತ್ತು ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಅಂದರೆ ಆ ಬಡಾವಣೆ, ಅಲ್ಲಿನ ಪಾರ್ಕ್, ರೈಲು ನಿಲ್ದಾಣ. ಫುಟ್‌ಬಾಲ್ ನೋಡುವವರಿಗೆ ಪ್ರೀಮಿಯರ್ ಲೀಗ್‌ನ ಒಂದು ತಂಡ.